ತಂದೆಯ ಬಳಿ ಇರುವುದು ಒಂದೇ ಆಶೀರ್ವಾದವೇ? ವೆಸ್ಟರ್ನ್ ಚಲನಚಿತ್ರಗಳಲ್ಲಿ ಕುಟುಂಬ ವೈರ ಮತ್ತು ನೈತಿಕ ಸಂಘರ್ಷ

ಆದಿಕಾಂಡದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಏಸಾವನು ಕಣ್ಣು ಮಬ್ಬಾದ ತನ್ನ ತಂದೆಯ ಮುಂದೆ ನಿಂತು ಒಂದು ಪ್ರಶ್ನೆಯನ್ನು ಕೇಳುತ್ತಾನೆ. ತಮ್ಮನಾದ ಯಕೋಬನು ಮೋಸದಿಂದ ಆಶೀರ್ವಾದವನ್ನು ಪಡೆದುಕೊಂಡು ಹೋಗಿಯಾಗಿದೆ. ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಲು ಇಸಾಕನಿಗೆ ಸಾಧ್ಯವಿಲ್ಲ. ಆಗ ಏಸಾವನು, ತಂದೆಯ ಬಳಿ ಇದ್ದುದು ಅದೊಂದೇ ಆಶೀರ್ವಾದವೋ ಎಂದು ಕೇಳಿ ಗಟ್ಟಿಯಾಗಿ ಅಳುತ್ತಾನೆ (ಆದಿ 27:38). ಇಸಾಕನು ಆ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡುವುದಿಲ್ಲ. ಉತ್ತರವಿಲ್ಲದ ಆ ಪ್ರಶ್ನೆಯಿಂದಲೇ ತಮ್ಮನನ್ನು ಕೊಲ್ಲಬೇಕೆಂಬ ಸಂಕಲ್ಪವು ಏಸಾವನಲ್ಲಿ ಹುಟ್ಟುತ್ತದೆ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಚಿತ್ರೋದ್ಯಮವು ನಿರ್ಮಿಸಿದ ವೆಸ್ಟರ್ನ್ ಚಿತ್ರಗಳಲ್ಲಿ ಈ ಪ್ರಶ್ನೆಯು ಮತ್ತೆ ಮತ್ತೆ ಕೇಳಿಬರುತ್ತದೆ. ಆ ಚಿತ್ರಗಳನ್ನು ಕುದುರೆ, ಬಂದೂಕು, ಧೂಳುಗಳ ಸಾಹಸಕಥೆಗಳೆಂದು ಬದಿಗಿಡುವುದು ವಾಡಿಕೆ. ಆದರೆ ಅವುಗಳಲ್ಲಿ ಉತ್ತಮವಾದ ಹಲವು ಚಿತ್ರಗಳ ಕೇಂದ್ರದಲ್ಲಿರುವುದು ಒಂದು ಮನೆ, ಒಬ್ಬ ತಂದೆ, ಒಂದು ಸ್ವತ್ತು ಮತ್ತು ಅದಕ್ಕೆ ಕಣ್ಣಿಟ್ಟ ಇಬ್ಬರು. 1948ರಿಂದ 1958ರ ನಡುವೆ ತೆರೆಕಂಡ ನಾಲ್ಕು ಚಿತ್ರಗಳನ್ನು ನಾವು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಒಳಿತು. ಈ ಚಿತ್ರಗಳಲ್ಲಿನ ಸಂಘರ್ಷವು ಒಬ್ಬ ಒಳ್ಳೆಯ ಸಹೋದರನಿಗೂ ಒಬ್ಬ ಕೆಟ್ಟ ಸಹೋದರನಿಗೂ ನಡುವಿನದೆಂದು ಮೇಲ್ನೋಟಕ್ಕೆ ಕಾಣುತ್ತದೆ. ಆಳದಲ್ಲಿ ಅದು, ಆಶೀರ್ವಾದವು ಒಂದೇ, ಅದನ್ನು ಹಂಚಲಾಗದು ಎಂದು ನಂಬಿದ ಮನೆಯಿಂದ ಹುಟ್ಟಿದ್ದು. ಈ ನಂಬಿಕೆಯ ಕ್ರೌರ್ಯವನ್ನು ವೆಸ್ಟರ್ನ್ ಚಿತ್ರಗಳು ಪ್ರಾಮಾಣಿಕವಾಗಿ ತೋರಿಸುತ್ತವೆ. ಆದರೆ ವೈರವನ್ನು ಕೊನೆಗಾಣಿಸುವ ಹಂತದಲ್ಲಿ ಅವು ಹೊಡೆದಾಟವನ್ನು ನಿಲ್ಲಿಸುವುದರಲ್ಲಿಯೇ ತೃಪ್ತವಾಗುತ್ತವೆ. ಶ್ರೀಗ್ರಂಥವು ಸಂಧಾನವೆಂದು ಕರೆಯುವುದಕ್ಕೆ ಅದರಾಚೆಗೂ ಒಂದು ದಾರಿ ಉಳಿದಿರುತ್ತದೆ.

1. ಈ ಚಿತ್ರಗಳನ್ನು ಏಕೆ ಓದಬೇಕು?

ಚಲನಚಿತ್ರವು ದೈವಶಾಸ್ತ್ರದ ಪತ್ರಿಕೆಯೊಂದರ ವಿಷಯವಾಗಬಹುದೇ ಎಂಬ ಸಂದೇಹಕ್ಕೆ ಧರ್ಮಸಭೆಯೇ ಉತ್ತರ ಕೊಟ್ಟಿದೆ. ಹನ್ನೊಂದನೆಯ ಭಕ್ತಿನಾಥ ಪೋಪ್ ಪಿಯುಸ್ ಅವರು 1936ರಲ್ಲಿ 'ವಿಜಿಲಾಂತಿ ಕೂರಾ' ಎಂಬ ವಿಶ್ವಪತ್ರವನ್ನು ಚಲನಚಿತ್ರಗಳನ್ನು ಕುರಿತೇ ಬರೆದರು. ಅದರ ಸ್ವರ ಬಹುಮಟ್ಟಿಗೆ ಎಚ್ಚರಿಕೆಯದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ 'ಇಂತೆರ್ ಮಿರಿಫಿಕಾ' ಆಜ್ಞಾಪತ್ರದಲ್ಲಿ ಸಮೂಹ ಮಾಧ್ಯಮಗಳನ್ನು ಮಾನವನ ಪ್ರತಿಭೆಯ ಅದ್ಭುತ ಫಲಗಳೆಂದು ಸ್ವೀಕರಿಸಿತು. ಸಿನಿಮಾದ ಶತಮಾನೋತ್ಸವದ ಸಂದರ್ಭದಲ್ಲಿ, 1995ರಲ್ಲಿ, ವ್ಯಾಟಿಕನ್ ಪ್ರಕಟಿಸಿದ 45 ಮಹತ್ವದ ಚಿತ್ರಗಳ ಪಟ್ಟಿಯಲ್ಲಿ ಜಾನ್ ಫೋರ್ಡ್ ಅವರ 'ಸ್ಟೇಜ್‌ಕೋಚ್' (1939) ಎಂಬ ವೆಸ್ಟರ್ನ್ ಚಿತ್ರವೂ ಸೇರಿದೆ. ಅದು ಸೇರಿರುವುದು ಕಲೆ ಎಂಬ ವಿಭಾಗದಲ್ಲಿ. ಧರ್ಮ ಮತ್ತು ಮೌಲ್ಯಗಳ ವಿಭಾಗಗಳಲ್ಲಿ ಅಲ್ಲ. ಈ ವರ್ಗೀಕರಣಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಈ ಚಿತ್ರಪ್ರಕಾರದ ನೈತಿಕ ವಸ್ತುವೂ ಪರಿಶೀಲನೆಗೆ ಅರ್ಹವೆಂಬುದು ಮುಂದಿನ ಪುಟಗಳಿಂದ ಸ್ಪಷ್ಟವಾಗಬಹುದು.

ವೆಸ್ಟರ್ನ್ ಚಿತ್ರದ ಆವರಣವು ಸಾಮಾನ್ಯವಾಗಿ ಅಮೆರಿಕದ ಅಂತರ್ಯುದ್ಧದ ಅನಂತರದ ಕೆಲವು ದಶಕಗಳು. ಸ್ಥಳ, ಪಶ್ಚಿಮದ ಗಡಿನಾಡು. ಅಲ್ಲಿ ಕಾನೂನು ಇನ್ನೂ ಬೇರೂರಿಲ್ಲ, ನ್ಯಾಯಾಲಯ ದೂರವಿದೆ, ದೇವಾಲಯವಿದ್ದರೂ ಅದರ ಧ್ವನಿ ಕ್ಷೀಣವಾಗಿದೆ. ಆದಿಕಾಂಡದ ಪಿತಾಮಹರಂತೆ ಇಲ್ಲಿನ ಜನರೂ ಹಿಂಡು, ಹುಲ್ಲುಗಾವಲು, ಬಾವಿಗಳ ನಡುವೆ ಬಾಳುತ್ತಾರೆ. ಧರ್ಮಶಾಸ್ತ್ರವು ಇನ್ನೂ ಕಲ್ಲಿನ ಮೇಲೆ ಬರೆಯಲ್ಪಡದ ಆ ಕಾಲದಲ್ಲಿ ಮನೆಯೇ ರಾಜ್ಯ, ತಂದೆಯ ಮಾತೇ ಶಾಸನ. ಆದುದರಿಂದಲೇ ಮನೆಯೊಳಗಿನ ಜಗಳವು ಇಲ್ಲಿ ಕೊಲೆಯವರೆಗೆ ಬೆಳೆಯಲು ಯಾವ ಅಡ್ಡಿಯೂ ಇರುವುದಿಲ್ಲ.

2. ಬೆನ್ನಟ್ಟುವ ಸಹೋದರ: 'ವಿಂಚೆಸ್ಟರ್ 73'

ಆ್ಯಂಟನಿ ಮ್ಯಾನ್ ನಿರ್ದೇಶಿಸಿದ 'ವಿಂಚೆಸ್ಟರ್ 73' (1950) ಚಿತ್ರವು 1876ರ ಜುಲೈ 4ರಂದು ಡಾಡ್ಜ್ ಸಿಟಿಯಲ್ಲಿ ಆರಂಭವಾಗುತ್ತದೆ. ರಾಷ್ಟ್ರದ ಶತಮಾನೋತ್ಸವದ ಗುರಿಕಾರಿಕೆಯ ಸ್ಪರ್ಧೆ ನಡೆಯುತ್ತಿದೆ. ಬಹುಮಾನ, ಸಾವಿರಕ್ಕೊಂದರಂತೆ ದೋಷವಿಲ್ಲದೆ ತಯಾರಾದ ಒಂದು ಬಂದೂಕು. ಲಿನ್ ಮಕ್ಯಾಡಮ್ (ಜೇಮ್ಸ್ ಸ್ಟೂವರ್ಟ್) ಮತ್ತು ಡಚ್ ಹೆನ್ರಿ ಬ್ರೌನ್ (ಸ್ಟೀಫನ್ ಮೆಕ್‌ನ್ಯಾಲಿ) ಒಬ್ಬರನ್ನೊಬ್ಬರು ಕಂಡ ಕ್ಷಣವೇ ಸೊಂಟಕ್ಕೆ ಕೈಹಾಕುತ್ತಾರೆ. ಆದರೆ ಅಲ್ಲಿ ಆಯುಧಗಳಿಲ್ಲ. ಊರಿನ ಕಾನೂನುಪಾಲಕ ವಯಾಟ್ ಅರ್ಪ್ ಅವನ್ನು ಮೊದಲೇ ಕಿತ್ತಿರಿಸಿಕೊಂಡಿದ್ದಾನೆ. ಕಾನೂನು ಕೈಯಿಂದ ಆಯುಧವನ್ನು ತೆಗೆಯಬಲ್ಲುದು, ಕೈಯ ಚಲನೆಯನ್ನು ತೆಗೆಯಲಾರದು. ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ಧರ್ಮಶಾಸ್ತ್ರದ ಮಿತಿಯನ್ನು ಕುರಿತು ಸಂತ ಪೌಲನ ವಿಚಾರವನ್ನು ಬೋಧಿಸುವವರಿಗೆ ಈ ಒಂದು ದೃಶ್ಯವು ಬಹಳ ಉಪಯುಕ್ತವಾದೀತು.

ಅವರಿಬ್ಬರೂ ಸಹೋದರರೆಂಬುದನ್ನು ಚಿತ್ರವು ಬಹಳ ಹೊತ್ತು ಬಚ್ಚಿಡುತ್ತದೆ. ಇಬ್ಬರ ಗುರಿಯೂ ಸಮಾನ, ಏಕೆಂದರೆ ಇಬ್ಬರಿಗೂ ಬಂದೂಕು ಹಿಡಿಯಲು ಕಲಿಸಿದವನು ಒಬ್ಬನೇ ತಂದೆ. ದರೋಡೆ ಮಾಡಿ ಅಡಗಲು ಮನೆಗೆ ಬಂದ ಮಗನಿಗೆ ಆಶ್ರಯ ನಿರಾಕರಿಸಿದ ಆ ತಂದೆಯನ್ನು ಡಚ್ ಹೆನ್ರಿ ಬೆನ್ನಿಗೆ ಗುಂಡಿಟ್ಟು ಕೊಂದಿದ್ದಾನೆ. ಕೊನೆಯ ಭಾಗದಲ್ಲಿ ಈ ಸತ್ಯವು ಹೊರಬೀಳುವಾಗ, ಅದುವರೆಗೆ ನಾವು ನೋಡಿದ ಬೆನ್ನಟ್ಟುವಿಕೆಯ ಅರ್ಥವೇ ಬದಲಾಗುತ್ತದೆ. ಲಿನ್ ನ್ಯಾಯವನ್ನು ಹುಡುಕುತ್ತಿದ್ದಾನೆಯೇ, ಅಥವಾ ಸಹೋದರನ ರಕ್ತವನ್ನೇ? ಅವನ ಜೊತೆಗಾರ ಹೈ ಸ್ಪೇಡ್ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತಾನೆ: ಮನುಷ್ಯನನ್ನು ಬೇಟೆಯಾಡುವುದು ನಿನಗೆ ಇಷ್ಟವಾಗತೊಡಗಿದೆಯೇ ಎಂದು. ಲಿನ್ ಅದನ್ನು ನಿರಾಕರಿಸುತ್ತಾನೆ. ಕೆಲವು ಕೆಲಸಗಳನ್ನು ಮಾಡಲೇಬೇಕಾಗುತ್ತದೆ ಎನ್ನುತ್ತಾನೆ. ಆದರೆ ಸ್ಟೂವರ್ಟ್ ಅವರ ಮುಖದಲ್ಲಿ ಒಮ್ಮೊಮ್ಮೆ ಹೊಮ್ಮುವ ಉನ್ಮಾದವು ಆ ಉತ್ತರವನ್ನು ನಂಬಗೊಡುವುದಿಲ್ಲ.

ಬಂದೂಕಿನ ಪ್ರಯಾಣವು ಇದಕ್ಕೆ ಸಮಾನಾಂತರವಾಗಿದೆ. ಸ್ಪರ್ಧೆಯಲ್ಲಿ ಗೆದ್ದ ಲಿನ್‌ನಿಂದ ಅದನ್ನು ಡಚ್ ಹೆನ್ರಿ ಕಸಿಯುತ್ತಾನೆ. ಅವನಿಂದ ಅದು ಇಸ್ಪೀಟಿನಾಟದಲ್ಲಿ ಒಬ್ಬ ವ್ಯಾಪಾರಿಗೆ, ಅವನಿಂದ ಒಬ್ಬ ಮೂಲನಿವಾಸಿ ನಾಯಕನಿಗೆ, ಹೀಗೆ ಕೈಯಿಂದ ಕೈಗೆ ಸಾಗುತ್ತದೆ. ಅದನ್ನು ಹಿಡಿದ ಬಹುತೇಕ ಎಲ್ಲರೂ ಸಾಯುತ್ತಾರೆ. ಫ್ರೆಂಚ್ ಚಿಂತಕ ರೆನೆ ಜಿರಾರ್ ಅವರ ವಿಚಾರಸರಣಿಯನ್ನು ಬಲ್ಲ ಓದುಗರಿಗೆ ಇದು ಪರಿಚಿತ ಚಿತ್ರವೇ ಸರಿ: ಒಬ್ಬನು ಬಯಸುವುದನ್ನು ಇನ್ನೊಬ್ಬನು ಬಯಸುವುದರಿಂದ ವಸ್ತುವಿಗೆ ಬೆಲೆ ಬರುತ್ತದೆ, ಬಯಕೆ ಹೆಚ್ಚಿದಂತೆ ಪ್ರತಿಸ್ಪರ್ಧಿಗಳು ಒಬ್ಬರನ್ನೊಬ್ಬರು ಹೋಲತೊಡಗುತ್ತಾರೆ, ಕೊನೆಗೆ ವಸ್ತು ಮರೆತುಹೋಗಿ ವೈರವೊಂದೇ ಉಳಿಯುತ್ತದೆ. ಬಂಡೆಗಳ ನಡುವಿನ ಕೊನೆಯ ಕಾಳಗದಲ್ಲಿ ಒಬ್ಬನೇ ತಂದೆಯ ಇಬ್ಬರು ಮಕ್ಕಳು, ಅದೇ ತಂದೆ ಕಲಿಸಿದ ವಿದ್ಯೆಯಿಂದ ಒಬ್ಬರನ್ನೊಬ್ಬರು ಗುರಿಯಿಡುತ್ತಾರೆ. ಗೆದ್ದ ಲಿನ್ ಊರಿಗೆ ಮರಳಿದಾಗ ಅವನ ಮುಖದಲ್ಲಿ ಸಮಾಧಾನವಿಲ್ಲ, ದಣಿವಿದೆ. ಕಾಯಿನನನ್ನು ಕೊಂದವನಿಗೆ ಏಳ್ಮಡಿ ಪ್ರತೀಕಾರವೆಂದು ಹೇಳಿ ಸರ್ವೇಶ್ವರನು ಕೊಲೆಗಾರನಿಗೂ ಒಂದು ರಕ್ಷೆಯ ಗುರುತನ್ನು ಇಟ್ಟನೆಂಬುದನ್ನು (ಆದಿ 4:15) ನಾವಿಲ್ಲಿ ನೆನೆಯಬೇಕು. ಕಾಯಿನನನ್ನು ಕೊಲ್ಲುವ ಹಕ್ಕು ಹೇಬೆಲನ ಪರವಾಗಿ ನಿಂತವನಿಗೂ ಇಲ್ಲ. ಚಿತ್ರವು ಈ ಸತ್ಯದ ಹೊಸ್ತಿಲವರೆಗೆ ಬಂದು, ಒಳಗೆ ಕಾಲಿಡದೆ ಮುಗಿಯುತ್ತದೆ.

3. ಕುರುಡ ತಂದೆಯ ಮನೆ: 'ದಿ ಮ್ಯಾನ್ ಫ್ರಮ್ ಲಾರಮಿ'

ಐದು ವರ್ಷಗಳ ಅನಂತರ ಅದೇ ನಿರ್ದೇಶಕ ಮತ್ತು ಅದೇ ನಟ ಒಟ್ಟಾಗಿ ಮಾಡಿದ 'ದಿ ಮ್ಯಾನ್ ಫ್ರಮ್ ಲಾರಮಿ' (1955) ಚಿತ್ರದಲ್ಲಿ ತಂದೆ ಬದುಕಿದ್ದಾನೆ, ಮತ್ತು ಪ್ರಶ್ನೆಯು ಅವನ ಸುತ್ತಲೇ ಸುತ್ತುತ್ತದೆ. ಆ್ಯಲೆಕ್ ವ್ಯಾಗಮನ್ (ಡೊನಾಲ್ಡ್ ಕ್ರಿಸ್ಪ್) ನ್ಯೂ ಮೆಕ್ಸಿಕೋದ ವಿಶಾಲವಾದ ಬಾರ್ಬ್ ಎಂಬ ಜಾನುವಾರು ನೆಲೆಯ ಒಡೆಯ. ಅವನಿಗೆ ಹುಟ್ಟಿದ ಮಗ ಡೇವ್ ದುರ್ಬಲ ಮನಸ್ಸಿನ, ಕ್ರೂರ ಸ್ವಭಾವದ ಯುವಕ. ಮಗನಂತೆ ಬೆಳೆದು ನೆಲೆಯನ್ನು ನಿಜವಾಗಿ ನಡೆಸುತ್ತಿರುವವನು ವಿಕ್ ಹ್ಯಾನ್ಸ್‌ಬ್ರೋ (ಆರ್ಥರ್ ಕೆನಡಿ). ದುಡಿಮೆ ವಿಕ್‌ನದು, ರಕ್ತ ಡೇವ್‌ನದು. ಡೇವ್ ಮಾಡುವ ಅನಾಹುತಗಳಿಗೆ ಹೊಣೆಗಾರನಾಗಬೇಕಾದವನು ವಿಕ್. ಪಾಲು ಸಿಗುವುದೆಂಬ ಭರವಸೆಯೊಂದೇ ಅವನ ಕೂಲಿ.

ಆ್ಯಲೆಕ್‌ನ ಕಣ್ಣು ಮಂಜಾಗುತ್ತಿದೆ, ಅದನ್ನು ಅವನು ಲೋಕದಿಂದ ಮುಚ್ಚಿಟ್ಟಿದ್ದಾನೆ. ಇಸಾಕನ ಕಥೆಯ ನೆರಳು ಇಲ್ಲಿ ಆಕಸ್ಮಿಕವಾಗಿರಲಾರದು. ಎತ್ತರದ ಅಪರಿಚಿತನೊಬ್ಬನು ಬಂದು ತನ್ನ ಮಗನನ್ನು ಕೊಲ್ಲುವನೆಂಬ ಕನಸು ಅವನನ್ನು ಕಾಡುತ್ತದೆ. ಆದುದರಿಂದ ತಮ್ಮನ ಸಾವಿಗೆ ಕಾರಣರಾದವರನ್ನು ಹುಡುಕಿಕೊಂಡು ಬಂದ ವಿಲ್ ಲಾಕ್‌ಹಾರ್ಟ್‌ನೇ (ಸ್ಟೂವರ್ಟ್) ಆ ಅಪರಿಚಿತನೆಂದು ಅವನು ತಿಳಿಯುತ್ತಾನೆ. ಆದರೆ ಡೇವ್‌ನನ್ನು ಕೊಲ್ಲುವವನು ಮನೆಯೊಳಗೇ ಇರುವ ವಿಕ್. ಹೊರಗಿನ ಶತ್ರುವಿನತ್ತ ತಿರುಗಿದ ತಂದೆಯ ಕಣ್ಣಿಗೆ ತನ್ನ ಮೇಜಿನ ಎದುರಿಗೆ ಕುಳಿತ ನೋವು ಕಾಣಲಿಲ್ಲ. ಈ ಚಿತ್ರದ ಕುರುಡುತನವು ಶಾರೀರಿಕವಾಗುವುದಕ್ಕೆ ಬಹಳ ಮುಂಚೆಯೇ ನೈತಿಕವಾಗಿತ್ತು.

ವಿಕ್‌ನ ಪಾತ್ರವನ್ನು ಚಿತ್ರವು ಕೇವಲ ಖಳನನ್ನಾಗಿ ಮಾಡದಿರುವುದು ಅದರ ಹೆಚ್ಚುಗಾರಿಕೆ. ಅವನು ಆಪಾಚೆಗಳಿಗೆ ಗುಟ್ಟಾಗಿ ಬಂದೂಕು ಮಾರಿ ಸಾವುಗಳಿಗೆ ಕಾರಣನಾದವನು. ಆ ಪಾಪಕ್ಕೆ ಕ್ಷಮಾಪಣೆಯಿಲ್ಲದೆ ನೆಪವಿಲ್ಲ. ಆದರೂ ಅವನ ದುರಾಶೆಯ ಬೇರು, ಪ್ರೀತಿಸಲ್ಪಡುವ ಹಕ್ಕು ದುಡಿಮೆಯಿಂದ ದೊರೆಯುವುದೆಂಬ ನಂಬಿಕೆಯಲ್ಲಿದೆ. ಲೂಕನ ಶುಭಸಂದೇಶದ ಹಿರಿಯ ಮಗನೂ ತಾನು ಇಷ್ಟು ವರ್ಷ ಗೇಯ್ದೆನೆಂದೇ ತಂದೆಗೆ ಲೆಕ್ಕ ಒಪ್ಪಿಸುತ್ತಾನೆ (ಲೂಕ 15:29). ಅವನಿಗೆ ಸಿಕ್ಕಿದ ಉತ್ತರವು ವಿಕ್‌ಗೆ ಎಂದೂ ಸಿಗಲಿಲ್ಲ. ಆ್ಯಲೆಕ್‌ನು ಅವನನ್ನು ಮಗನೆಂದು ಕರೆಯುತ್ತಾನೆ, ಆದರೆ ಪ್ರತಿ ಸಂಕಟದಲ್ಲೂ ಆಳಿನಂತೆ ನಡೆಸುತ್ತಾನೆ. ಸ್ವಂತ ಮಗನ ವಿಷಯದಲ್ಲೂ ಅವನ ಪ್ರೀತಿ ನಿಜವಾದ ಪ್ರೀತಿಯಲ್ಲ. ತನ್ನ ಹೆಸರು ಉಳಿಯಬೇಕೆಂಬ ಆಸೆ. ಹೀಗೆ ಒಬ್ಬನೇ ತಂದೆ ಇಬ್ಬರನ್ನೂ ವಂಚಿಸಿದಂತಾಯಿತು. ಕೊನೆಯಲ್ಲಿ ಲಾಕ್‌ಹಾರ್ಟ್ ವಿಕ್‌ನನ್ನು ಕೈಗೆ ಸಿಕ್ಕಿದಾಗಲೂ ಕೊಲ್ಲಲಾರದೆ ಬಿಟ್ಟುಬಿಡುತ್ತಾನೆ. 'ವಿಂಚೆಸ್ಟರ್ 73' ಕಾಲಿಡದ ಹೊಸ್ತಿಲನ್ನು ಈ ಚಿತ್ರವು ದಾಟಿದೆ. ಆದರೆ ದಾಟಿದ ಮರುಕ್ಷಣವೇ ಕಥೆಯು ಆಪಾಚೆ ಯೋಧರನ್ನು ಕರೆತಂದು ವಿಕ್‌ನನ್ನು ಕೊಲ್ಲಿಸುತ್ತದೆ. ನಾಯಕನ ಕೈ ಶುದ್ಧವಾಗಿ ಉಳಿಯುತ್ತದೆ, ಪ್ರೇಕ್ಷಕನ ಪ್ರತೀಕಾರದ ಬಯಕೆಯೂ ತಣಿಯುತ್ತದೆ. ಕೊಳಕು ಕೆಲಸಕ್ಕೆ ಮೂಲನಿವಾಸಿಗಳನ್ನು ಬಳಸಿಕೊಳ್ಳುವ ಈ ಉಪಾಯದಲ್ಲಿ ಒಂದು ಅಪ್ರಾಮಾಣಿಕತೆಯಿದೆ; ಅದರ ವಿಚಾರಕ್ಕೆ ಮುಂದೆ ಬರುತ್ತೇವೆ.

4. ನೀರು ಇಬ್ಬರಿಗೂ ಸಾಲುವುದಾದರೆ: 'ದಿ ಬಿಗ್ ಕಂಟ್ರಿ'

ವಿಲಿಯಂ ವೈಲರ್ ಅವರ 'ದಿ ಬಿಗ್ ಕಂಟ್ರಿ' (1958) ಎರಡು ಮನೆತನಗಳ ಕಥೆ. ಮೇಜರ್ ಹೆನ್ರಿ ಟೆರಿಲ್ (ಚಾರ್ಲ್ಸ್ ಬಿಕ್‌ಫರ್ಡ್) ಸಿರಿವಂತ. ರೂಫಸ್ ಹ್ಯಾನಸ್ಸಿ (ಬರ್ಲ್ ಐವ್ಸ್) ಕಣಿವೆಯಲ್ಲಿ ಬಾಳುವ ಒರಟ. ಇಬ್ಬರ ನಡುವಿನ ಕಲಹದ ವಸ್ತು 'ಬಿಗ್ ಮಡ್ಡಿ' ಎಂಬ ನೆಲದ ನೀರು. ಆ ನೆಲದ ಒಡತಿ ಜೂಲಿ ಮಾರಗನ್ ಇಬ್ಬರ ದನಗಳಿಗೂ ನೀರು ಕುಡಿಯಗೊಡುತ್ತಾಳೆ. ಪೂರ್ವ ತೀರದಿಂದ ಬಂದ ನಾವಿಕ ಜೇಮ್ಸ್ ಮಕೇ (ಗ್ರೆಗರಿ ಪೆಕ್) ಟೆರಿಲ್‌ನ ಮಗಳು ಪ್ಯಾಟ್ರೀಷಿಯಾಳನ್ನು ಮದುವೆಯಾಗಲಿರುವವನು. ಅವನು ಬಿಗ್ ಮಡ್ಡಿಯನ್ನು ಕೊಂಡುಕೊಳ್ಳಲು ಮುಂದಾಗುತ್ತಾನೆ. ನೀರನ್ನು ಇಬ್ಬರಿಗೂ ಬಿಡುವುದಾಗಿ ಹೇಳುತ್ತಾನೆ. ಆ ಮಾತನ್ನು ಕೇಳಿ ಪ್ಯಾಟ್ರೀಷಿಯಾ ಸಿಡಿಯುತ್ತಾಳೆ. ಅವಳಿಗೆ ಬೇಕಾಗಿದ್ದುದು ಬರಿಯ ನೀರಲ್ಲ. ಹ್ಯಾನಸ್ಸಿಗಳಿಗೆ ಸಿಗದ ನೀರು. ಆಶೀರ್ವಾದವು ಹಂಚಲ್ಪಟ್ಟರೆ ಅದು ಆಶೀರ್ವಾದವೇ ಅಲ್ಲವೆಂದು ತಿಳಿದ ಮನೆಯಲ್ಲಿ ಅವಳು ಬೆಳೆದಿದ್ದಾಳೆ.

ಇಸಾಕನ ಜೀವನದಲ್ಲಿ ಇದಕ್ಕೆ ಸಮೀಪದ ಒಂದು ಪ್ರಸಂಗವಿದೆ. ಅವನ ಆಳುಗಳು ತೋಡಿದ ಬಾವಿಗಾಗಿ ಗೆರಾರಿನ ಕುರುಬರು ಜಗಳವಾಡುತ್ತಾರೆ. ಅವನು ಅದನ್ನು ಬಿಟ್ಟು ಇನ್ನೊಂದನ್ನು ತೋಡಿಸುತ್ತಾನೆ. ಅದಕ್ಕೂ ಜಗಳ ಬಂದಾಗ ಮುಂದೆ ಸರಿಯುತ್ತಾನೆ. ಜಗಳವಾಗದ ಮೂರನೆಯ ಬಾವಿಗೆ ಅವನು ರೆಹೋಬೋತ್ ಎಂದು ಹೆಸರಿಡುತ್ತಾನೆ. ವಿಶಾಲವಾದ ಎಡೆ ಎಂದು ಅದರ ಅರ್ಥ (ಆದಿ 26:19-22). ವೈಲರ್ ಅವರ ಚಿತ್ರದಲ್ಲಿ ಎಲ್ಲರೂ ಮಕೇಗೆ ಈ ನಾಡು ಎಷ್ಟು ವಿಶಾಲವೆಂದು ಹೆಮ್ಮೆಯಿಂದ ಹೇಳುತ್ತಿರುತ್ತಾರೆ. ಆ ವೈಶಾಲ್ಯದಲ್ಲಿ ಇಬ್ಬರು ಮುದುಕರಿಗೆ ಎಡೆ ಸಾಲುವುದಿಲ್ಲ. ವಿಶಾಲತೆಯು ಭೂಮಿಯ ಗುಣವಲ್ಲ, ಬಿಟ್ಟುಕೊಡಬಲ್ಲ ಹೃದಯದ ಗುಣವೆಂಬುದನ್ನು ಆದಿಕಾಂಡದ ಆ ಚಿಕ್ಕ ಪ್ರಸಂಗವೂ ಈ ದೀರ್ಘ ಚಿತ್ರವೂ ಒಂದೇ ರೀತಿಯಲ್ಲಿ ಹೇಳುತ್ತವೆ.

ಮಕೇ ಹೇಡಿಯಲ್ಲ. ಫೋರ್‌ಮನ್ ಸ್ಟೀವ್ ಲೀಚ್ ಎಲ್ಲರೆದುರು ಕೆಣಕಿದಾಗ ಅವನು ಹೊಡೆದಾಟಕ್ಕೆ ಇಳಿಯುವುದಿಲ್ಲ. ಬಳಿಕ ರಾತ್ರಿ, ನೋಡುವವರು ಯಾರೂ ಇಲ್ಲದಾಗ, ತಾನೇ ಹೋಗಿ ಅವನೊಡನೆ ಸೆಣಸುತ್ತಾನೆ. ದಣಿದು ನಿಂತಾಗ ಇದರಿಂದ ಏನು ಸಾಬೀತಾಯಿತೆಂದು ಕೇಳುತ್ತಾನೆ. ಅವನು ತ್ಯಜಿಸಿರುವುದು ಧೈರ್ಯವನ್ನಲ್ಲ, ಪ್ರೇಕ್ಷಕರನ್ನು. ಮತ್ತಾಯನ ಶುಭಸಂದೇಶದಲ್ಲಿ ಜನರು ನೋಡಲೆಂದು ಧರ್ಮಕಾರ್ಯ ಮಾಡುವುದನ್ನು ಯೇಸುಸ್ವಾಮಿ ಖಂಡಿಸಿದುದು (ಮತ್ತಾಯ 6:1) ಶೌರ್ಯಕ್ಕೂ ಅನ್ವಯವಾಗುತ್ತದೆ.

ಇದಕ್ಕೆ ಎದುರಾಗಿ ರೂಫಸ್ ಹ್ಯಾನಸ್ಸಿಯ ದುರಂತವಿದೆ. ಈ ಪಾತ್ರಕ್ಕಾಗಿ ಬರ್ಲ್ ಐವ್ಸ್ ಅವರಿಗೆ ಅತ್ಯುತ್ತಮ ಪೋಷಕ ನಟನ ಆಸ್ಕರ್ ಪ್ರಶಸ್ತಿ ದೊರೆತದ್ದು ಅರ್ಹವಾಗಿಯೇ ಇದೆ. ಅವನ ಮಗ ಬಕ್ ದ್ವಂದ್ವಯುದ್ಧದಲ್ಲಿ ಸೂಚನೆಗೆ ಮೊದಲೇ ಗುಂಡು ಹಾರಿಸುತ್ತಾನೆ. ಪ್ರತಿಯಾಗಿ ಅವನ ಪ್ರಾಣವು ಮಕೇಯ ಕೈಯಲ್ಲಿದ್ದಾಗ ಮಕೇ ನೆಲಕ್ಕೆ ಗುಂಡು ಹೊಡೆಯುತ್ತಾನೆ. ಆ ಕ್ಷಮೆಯನ್ನು ತಾಳಲಾರದ ಬಕ್ ಇನ್ನೊಂದು ಬಂದೂಕನ್ನು ಕಸಿದುಕೊಳ್ಳುವಾಗ ತಂದೆಯೇ ಅವನನ್ನು ಕೊಲ್ಲುತ್ತಾನೆ; ಕೊಂದು, ಅಪ್ಪಿಕೊಳ್ಳುತ್ತಾನೆ. ರೂಫಸ್‌ನಿಗೆ ನ್ಯಾಯದ ಅರಿವಿದೆ; ಟೆರಿಲ್‌ಗಿಂತ ಹೆಚ್ಚೇ ಇದೆ. ಆದರೆ ಗೌರವಕ್ಕಿಂತ ಮೇಲಾದ ನ್ಯಾಯವಿದೆಯೆಂಬುದು ಅವನಿಗೆ ತಿಳಿಯದು. ಗೌರವವೇ ದೇವರಾದ ಮನೆಯಲ್ಲಿ ಮಗನೇ ಬಲಿಯಾಗಬೇಕಾಗುತ್ತದೆ. ಮೊರೀಯ ಬೆಟ್ಟದ ಮೇಲೆ ಕೈಯನ್ನು ತಡೆದ ದನಿಯು ಬ್ಲ್ಯಾಂಕೊ ಕಣಿವೆಯಲ್ಲಿ ಕೇಳಿಸಲಿಲ್ಲ. ಅನಂತರ ಇಬ್ಬರು ಮುದುಕರು ಆ ಕಣಿವೆಯಲ್ಲಿ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಶಾಂತಿ ಬರುತ್ತದೆ, ಆದರೆ ವೈರಿಗಳು ರಾಜಿಯಾದುದರಿಂದಲ್ಲ, ಸತ್ತುದರಿಂದ.

5. ಸಮಾಧಿಯ ಮೇಲಿನ ವಾಚನ: 'ರೆಡ್ ರಿವರ್'

ಹೋವರ್ಡ್ ಹಾಕ್ಸ್ ಅವರ 'ರೆಡ್ ರಿವರ್' (1948) ಚಿತ್ರವನ್ನು ಕಾಲಕ್ರಮ ಮೀರಿ ಕೊನೆಗೆ ಇಟ್ಟುಕೊಂಡಿದ್ದೇವೆ. ಏಕೆಂದರೆ ಈ ನಾಲ್ಕರಲ್ಲಿ ಇದೊಂದರಲ್ಲೇ ವೈರಿಗಳಿಬ್ಬರೂ ಬದುಕಿ ಒಂದಾಗುತ್ತಾರೆ. ಅಲ್ಲದೆ ನಮ್ಮ ಓದುಗರ ವೃತ್ತಿಯನ್ನು ನೇರವಾಗಿ ತಟ್ಟುವ ಒಂದು ವಿವರವೂ ಇದರಲ್ಲಿದೆ.

ಟಾಮ್ ಡನ್ಸನ್ (ಜಾನ್ ವೇನ್) ಟೆಕ್ಸಸ್‌ನಲ್ಲಿ ನೆಲ ಹುಡುಕಿಕೊಂಡು ಬರುತ್ತಾನೆ. ಆ ನೆಲ ದೂರದಲ್ಲಿರುವ ದಾನ್ ದಿಯೆಗೋ ಎಂಬವನಿಗೆ ಸೇರಿದ್ದೆಂದು ಹೇಳಲು ಬಂದ ಇಬ್ಬರಲ್ಲಿ ಒಬ್ಬನನ್ನು ಅವನು ಕೊಲ್ಲುತ್ತಾನೆ, ಹೂಳುತ್ತಾನೆ, ಬಳಿಕ ಬೈಬಲ್ ತೆರೆದು ಸಮಾಧಿಯ ಮೇಲೆ ಓದುತ್ತಾನೆ. ಮುಂದೆಯೂ ಅವನ ಪದ್ಧತಿ ಇದೇ. ಅವನು ಓದುವುದು ಲೋಕಕ್ಕೆ ಏನನ್ನೂ ತರಲಿಲ್ಲ, ಏನನ್ನೂ ಒಯ್ಯಲಾರೆವು ಎಂಬ ಅರ್ಥದ ವಾಕ್ಯವನ್ನು (1 ತಿಮೊ 6:7). ಓದುವ ಕೈಯೇ ಈಗಷ್ಟೇ ಕೊಲೆ ಮಾಡಿ ನೆಲವನ್ನು ತನ್ನದಾಗಿಸಿಕೊಂಡಿದೆ. ದನಗಾಹಿಗಳಲ್ಲೊಬ್ಬನು ಗೊಣಗುತ್ತಾನೆ: ಮನುಷ್ಯನನ್ನು ಕೊಂದ ಮೇಲೆ ಆ ಕೆಲಸದಲ್ಲಿ ದೇವರನ್ನೂ ಪಾಲುದಾರನನ್ನಾಗಿ ಏಕೆ ಎಳೆಯಬೇಕು? ದೈವನಿಂದನೆಯನ್ನು ಕುರಿತು ಯಾವ ವೆಸ್ಟರ್ನ್ ಚಿತ್ರವೂ ಇದಕ್ಕಿಂತ ತೀಕ್ಷ್ಣವಾದ ಮಾತನ್ನು ಹೇಳಿದ್ದನ್ನು ನಾವು ಕಾಣೆವು. ಸಮಾಧಿಯ ಬಳಿ ನಿಂತು ಓದುವುದು ನಮ್ಮ ಕಾರ್ಯಗಳಲ್ಲೊಂದು. ಆ ಗ್ರಂಥವು ನಮ್ಮ ಕೈಯಲ್ಲಿ ಸತ್ಯವನ್ನು ಬಯಲು ಮಾಡುತ್ತದೆಯೋ, ಇಲ್ಲವೇ ನಡೆದುಹೋದುದರ ಮೇಲೆ ಮಣ್ಣು ಮುಚ್ಚುತ್ತದೆಯೋ ಎಂಬ ಪ್ರಶ್ನೆಯನ್ನು ಡನ್ಸನ್‌ನ ಪಾತ್ರವು ನಮಗೆ ಹಾಕುತ್ತದೆ.

ಡನ್ಸನ್‌ಗೆ ಮಕ್ಕಳಿಲ್ಲ. ದಾಳಿಯಲ್ಲಿ ತನ್ನವರನ್ನು ಕಳೆದುಕೊಂಡು ಹಸುವೊಂದರೊಡನೆ ಅಲೆದುಬಂದ ಹುಡುಗ ಮ್ಯಾಟ್ ಗಾರ್ತ್‌ನನ್ನು ಅವನು ಸಾಕುತ್ತಾನೆ. ದನಗಳ ಮೇಲೆ ಒತ್ತುವ ಮುದ್ರೆಯಲ್ಲಿ ತನ್ನ ಹೆಸರಿನ ಅಕ್ಷರವೊಂದೇ ಇರುವುದನ್ನು ಕಂಡ ಹುಡುಗ ತನ್ನ ಅಕ್ಷರವೆಲ್ಲಿ ಎಂದು ಕೇಳುತ್ತಾನೆ. ಗಳಿಸಿಕೊಂಡಾಗ ಸೇರಿಸುತ್ತೇನೆಂದು ಡನ್ಸನ್ ಹೇಳುತ್ತಾನೆ. ಏಸಾವನ ಪ್ರಶ್ನೆಯು ಇಲ್ಲಿ ಕಾದ ಕಬ್ಬಿಣದಲ್ಲಿ ಬರೆಯಲ್ಪಟ್ಟಿದೆ. ಅಂತರ್ಯುದ್ಧ ಮುಗಿದ ಮೇಲೆ ಸಾವಿರಾರು ದನಗಳನ್ನು ಮಾರುಕಟ್ಟೆಗೆ ಅಟ್ಟಿಕೊಂಡು ಹೋಗುವ ದಾರಿಯಲ್ಲಿ ಡನ್ಸನ್ ನಿರಂಕುಶನಾಗುತ್ತಾನೆ. ಓಡಿಹೋದವರನ್ನು ಗಲ್ಲಿಗೇರಿಸಲು ಹೊರಡುತ್ತಾನೆ. ಮ್ಯಾಟ್ (ಮಾಂಟ್‌ಗೊಮರಿ ಕ್ಲಿಫ್ಟ್) ಅವನನ್ನು ತಡೆದು, ಹಿಂಡನ್ನು ತಾನೇ ಅಬಿಲೀನ್ ಎಂಬ ಊರಿನ ಕಡೆಗೆ ನಡೆಸುತ್ತಾನೆ. ಹಿಂದಿನಿಂದ ಬಂದು ನಿನ್ನನ್ನು ಕೊಲ್ಲುತ್ತೇನೆಂದು ಡನ್ಸನ್ ಆಣೆಯಿಡುತ್ತಾನೆ.

ಮ್ಯಾಟ್‌ನ ದಂಗೆಯ ಸ್ವರೂಪವನ್ನು ಗಮನಿಸಬೇಕು. ಅವನು ತಂದೆಯ ಅಧಿಕಾರವನ್ನು ಕಸಿಯುತ್ತಾನೆ, ಆದರೆ ಸ್ವತ್ತನ್ನು ಕಸಿಯುವುದಿಲ್ಲ. ದನಗಳ ಬೆಲೆಯನ್ನು ಡನ್ಸನ್‌ನ ಹೆಸರಿನಲ್ಲಿಯೇ ಪಡೆಯುತ್ತಾನೆ. ಪಾಪಕ್ಕೆ ವಿಧೇಯನಾಗದೆಯೂ ತಂದೆಗೆ ಮಗನಾಗಿ ಉಳಿಯಬಹುದೆಂಬುದಕ್ಕೆ ಇದು ಉತ್ತಮ ನಿದರ್ಶನ. ನಾಲ್ಕನೆಯ ಆಜ್ಞೆಯನ್ನು ಅಂಧ ವಿಧೇಯತೆಯೆಂದು ಬೋಧಿಸುವ ಪ್ರವೃತ್ತಿಗೆ ಈ ಪಾತ್ರವು ಸೌಮ್ಯವಾದ ತಿದ್ದುಪಡಿ. ಅಬಿಲೀನ್‌ನಲ್ಲಿ ಡನ್ಸನ್ ಎದುರಾದಾಗ ಮ್ಯಾಟ್ ಬಂದೂಕನ್ನು ಹೊರತೆಗೆಯುವುದಿಲ್ಲ. ಗುಂಡುಗಳು ಅವನ ಸುತ್ತ ಹಾರುತ್ತವೆ, ಒಂದು ಕೆನ್ನೆಯನ್ನು ಸವರುತ್ತದೆ, ಅವನು ಕದಲದೆ ನಿಂತಿರುತ್ತಾನೆ. ಅನಂತರ ಕೈಕೈ ಮಿಲಾಯಿಸುತ್ತಾರೆ. ಟೆಸ್ ಮಿಲ್ಲೇ (ಜೋನ್ ಡ್ರೂ) ಎಂಬ ತರುಣಿ ಗುಂಡು ಹಾರಿಸಿ ಇಬ್ಬರನ್ನೂ ಗದರಿಸಿ, ನೀವು ಒಬ್ಬರನ್ನೊಬ್ಬರು ಪ್ರೀತಿಸುವುದು ಯಾರಿಗೆ ಕಾಣುವುದಿಲ್ಲವೆಂದು ಕೇಳಿದಾಗ ಹೊಡೆದಾಟ ನಿಲ್ಲುತ್ತದೆ. ಡನ್ಸನ್ ನೆಲದ ಮಣ್ಣಿನಲ್ಲಿ ಹೊಸ ಮುದ್ರೆಯನ್ನು ಬರೆಯುತ್ತಾನೆ; ಅದರಲ್ಲಿ ಮ್ಯಾಟ್‌ನ ಅಕ್ಷರವೂ ಇದೆ.

ಈ ಅಂತ್ಯವು ಅವಸರದ್ದೆಂದು ಹಲವು ವಿಮರ್ಶಕರು ಆಕ್ಷೇಪಿಸಿದ್ದಾರೆ. ನಮ್ಮ ಆಕ್ಷೇಪವು ಬೇರೆ ಬಗೆಯದು. ಆಶೀರ್ವಾದವು ಹಂಚಲ್ಪಟ್ಟಿತು, ಅದು ಒಳ್ಳೆಯದೇ. ಆದರೆ ಆ ಮಣ್ಣಿನ ಕೆಳಗಿರುವವರು ಯಾರು? ಮೊದಲ ದಿನ ಕೊಲ್ಲಲ್ಪಟ್ಟವನ ವಿಷಯವನ್ನು ಈಗ ಯಾರೂ ಎತ್ತುವುದಿಲ್ಲ. ಆ ನೆಲವನ್ನು ಅವನ ಒಡೆಯನು ಇನ್ನೊಬ್ಬರಿಂದ ಕಸಿದದ್ದೇ ಎಂಬ ಡನ್ಸನ್‌ನ ಸಮರ್ಥನೆಯಂತೂ ಮೂಲನಿವಾಸಿಗಳ ನಷ್ಟವನ್ನು ಒಪ್ಪಿಕೊಂಡೇ ಅದನ್ನು ಮುಂದುವರಿಸುವ ತರ್ಕ. ನಾಬೋತನ ದ್ರಾಕ್ಷಿತೋಟವನ್ನು ಸ್ವಾಧೀನಪಡಿಸಿಕೊಳ್ಳಲು ಅಹಾಬನು ಇಳಿದುಹೋದಾಗ ಪ್ರವಾದಿ ಎಲೀಯನು ಅಲ್ಲಿ ಎದುರಾದನು (1 ಅರಸು 21). ಈ ಚಿತ್ರಪ್ರಕಾರದಲ್ಲಿ ಎಲೀಯನ ಸ್ಥಾನ ಬಹುತೇಕ ಖಾಲಿ. ಮೂಲನಿವಾಸಿಗಳು ಒಂದೋ ದಾಳಿಕೋರರು, ಇಲ್ಲವೇ 'ಲಾರಮಿ'ಯ ಅಂತ್ಯದಲ್ಲಿ ಕಂಡಂತೆ, ಬಿಳಿಯರ ಕುಟುಂಬ ಕಲಹವನ್ನು ಮುಗಿಸಿಕೊಡುವ ಸಾಧನ. ತಂದೆ ಮಕ್ಕಳ ರಾಜಿಯ ಸಂತೋಷದಲ್ಲಿ ಹೇಬೆಲನ ರಕ್ತದ ಕೂಗು ಕೇಳಿಸದಂತಾಗುವುದು ವೆಸ್ಟರ್ನ್ ಚಿತ್ರದ ದೊಡ್ಡ ನೈತಿಕ ಕೊರತೆ.

6. ಆಶೀರ್ವಾದವನ್ನು ಹಿಂದಿರುಗಿಸುವುದು

ಏಸಾವನ ಪ್ರಶ್ನೆಗೆ ಇಸಾಕನು ಕೊಡದ ಉತ್ತರವು ಆದಿಕಾಂಡದಲ್ಲಿಯೇ ಮುಂದೆ ದೊರೆಯುತ್ತದೆ. ಇಪ್ಪತ್ತು ವರ್ಷಗಳ ಅನಂತರ ಯಕೋಬನು ಭಯದಿಂದ ನಡುಗುತ್ತ ಅಣ್ಣನನ್ನು ಎದುರುಗೊಳ್ಳುತ್ತಾನೆ. ಏಸಾವನು ಓಡಿಬಂದು ಅವನ ಕೊರಳನ್ನು ಅಪ್ಪಿ ಮುತ್ತಿಡುತ್ತಾನೆ. ಕಾಣಿಕೆಯಾಗಿ ತಂದ ಹಿಂಡುಗಳನ್ನು ನೋಡಿ, ತನಗೆ ಬೇಕಾದಷ್ಟಿದೆ ಎನ್ನುತ್ತಾನೆ. ಆದರೂ ಯಕೋಬನು ಒತ್ತಾಯಿಸುತ್ತಾನೆ. ಅಲ್ಲಿ ಅವನು ಕಾಣಿಕೆಗೆ ಬಳಸುವ ಹಿಬ್ರೂ ಪದವು ಆಶೀರ್ವಾದವೆಂಬ ಅರ್ಥದ 'ಬೆರಾಖಾ' (ಆದಿ 33:11). ಕದ್ದ ಪದವನ್ನೇ ಅವನು ಹಿಂದಕ್ಕೆ ಕೊಡುತ್ತಿದ್ದಾನೆ. ಅಣ್ಣನು ಕ್ಷಮಿಸಿದ್ದಾನೆಂಬ ಕಾರಣಕ್ಕೆ ಮರಳಿಸುವ ಋಣವು ಮುಗಿಯಿತೆಂದು ಅವನು ತಿಳಿಯುವುದಿಲ್ಲ. ಕ್ಷಮೆ ಮೊದಲು ಬಂತು. ಹಿಂದಿರುಗಿಸುವಿಕೆ ಅದರ ಬೆಲೆಯಾಗಿ ಅಲ್ಲ, ಫಲವಾಗಿ ಬಂತು. ಜಕ್ಕಾಯನ ಮನೆಯಲ್ಲಿಯೂ ನಡೆದದ್ದು ಇದೇ ಕ್ರಮದಲ್ಲಿ (ಲೂಕ 19:8). ಪಾಪನಿವೇದನೆಯ ಸಂಸ್ಕಾರದಲ್ಲಿ ಪಶ್ಚಾತ್ತಾಪ, ನಿವೇದನೆಗಳ ಜೊತೆ ಪ್ರಾಯಶ್ಚಿತ್ತವನ್ನೂ ಧರ್ಮಸಭೆ ಕೇಳುವುದು ಇದೇ ಕಾರಣಕ್ಕಾಗಿ.

ಈ ಬೆಳಕಿನಲ್ಲಿ ನಾಲ್ಕು ಚಿತ್ರಗಳನ್ನು ಮತ್ತೊಮ್ಮೆ ನೋಡಿದರೆ ಅವುಗಳ ಸಾಧನೆಯೂ ಮಿತಿಯೂ ಸ್ಪಷ್ಟವಾಗುತ್ತವೆ. ಮೊದಲನೆಯದರಲ್ಲಿ ಕಾಯಿನನು ಕೊಲ್ಲಲ್ಪಡುತ್ತಾನೆ. ಎರಡನೆಯದರಲ್ಲಿ ಅವನನ್ನು ಕೊಲ್ಲಲು ಕೈ ಏಳುವುದಿಲ್ಲ. ಮೂರನೆಯದರಲ್ಲಿ ಒಬ್ಬನು ನೀರನ್ನು ಇಬ್ಬರಿಗೂ ಬಿಡುತ್ತಾನೆ. ಆದರೆ ವೈರಿಗಳು ಅದನ್ನು ಸ್ವೀಕರಿಸಲು ಬದುಕುವುದಿಲ್ಲ. 'ರೆಡ್ ರಿವರ್' ಒಂದರಲ್ಲೇ ತಂದೆಯು ತನ್ನ ಮುದ್ರೆಯನ್ನು ತೆರೆಯುತ್ತಾನೆ. ಆದರೆ ಅಲ್ಲಿಯೂ ತಪ್ಪೊಪ್ಪಿಗೆಯ ಒಂದು ಮಾತಿಲ್ಲ. ಈ ಗಂಡಸರಿಗೆ ಹೊಡೆಯಲು ಬರುತ್ತದೆ, ಹೊಡೆಯುವುದನ್ನು ನಿಲ್ಲಿಸಲು ಬರುತ್ತದೆ. ನಾನು ನಿನಗೆ ವಿರುದ್ಧವಾಗಿ ಪಾಪ ಮಾಡಿದ್ದೇನೆ ಎನ್ನಲು ಬರುವುದಿಲ್ಲ. ದುಂದುಗಾರ ಮಗನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದದ್ದು ಆ ಮಾತನ್ನೇ.

ಆಸ್ತಿಯ ಪಾಲಿಗಾಗಿ ಅಣ್ಣತಮ್ಮಂದಿರು ಮುಖ ನೋಡದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಗುರುವಾಗಿ ಹೋಗುವ ಪ್ರತಿಯೊಬ್ಬರೂ ಅಂಥ ಮನೆಗಳಿಗೆ ಕರೆಯಲ್ಪಡುವರು. ಪಾಲು ಮಾಡಿಸಿಕೊಡಬೇಕೆಂದು ಜನಸಮೂಹದಿಂದ ಒಬ್ಬನು ಬೇಡಿದಾಗ ಯೇಸುಸ್ವಾಮಿ ನ್ಯಾಯಾಧಿಪತಿಯಾಗಲು ನಿರಾಕರಿಸಿ, ದುರಾಶೆಯ ವಿಷಯದಲ್ಲಿ ಎಚ್ಚರಿಸಿದರು (ಲೂಕ 12:13-15). ಆ ನಿರಾಕರಣೆಯನ್ನು ಉದಾಸೀನವೆಂದು ತಿಳಿಯಬಾರದು. ಪಾಲಿನ ಲೆಕ್ಕಕ್ಕೆ ಕಾನೂನಿದೆ; ತಂದೆಯ ಪ್ರೀತಿ ಒಬ್ಬನಿಗೆ ಸಿಕ್ಕಿದರೆ ಇನ್ನೊಬ್ಬನಿಗೆ ಉಳಿಯದು ಎಂಬ ಭಯವನ್ನು ಕಾನೂನು ಹೋಗಲಾಡಿಸಲಾರದು. ಆ ಭಯಕ್ಕೆ ಉತ್ತರವು ಮನೆಯ ಹೊರಗೆ ಕೋಪದಿಂದ ನಿಂತ ಹಿರಿಯ ಮಗನ ಬಳಿಗೆ ತಾನೇ ಹೊರಬಂದು, ತನ್ನದೆಲ್ಲವೂ ಅವನದೇ ಎಂದು ಹೇಳಿದ ತಂದೆಯಲ್ಲಿದೆ (ಲೂಕ 15:31). ಅದನ್ನು ಸಾರುವುದು ನಮ್ಮ ಸೇವೆ. ಹೇಬೆಲನ ರಕ್ತಕ್ಕಿಂತ ಉತ್ತಮವಾಗಿ ಮಾತನಾಡುವ ರಕ್ತವನ್ನು (ಹಿಬ್ರಿ 12:24) ನಂಬುವವರಿಗೆ, ಹೇಬೆಲನ ರಕ್ತದ ಕೂಗನ್ನು ಕೇಳದಿರುವ ಅನುಮತಿಯಿಲ್ಲ. ಸಮಾಧಿಯ ಬಳಿಯಾಗಲಿ, ಪಾಲಾಗುತ್ತಿರುವ ಮನೆಯ ಜಗಲಿಯ ಮೇಲಾಗಲಿ ಗ್ರಂಥವನ್ನು ತೆರೆಯುವ ಮುನ್ನ, ಇಲ್ಲಿ ಯಾರಿಗೆ ಏನು ಹಿಂದಿರುಗಬೇಕಾಗಿದೆ ಎಂದು ಕೇಳುವ ಧೈರ್ಯವು ಗುರುವಿಗೆ ಇರಬೇಕು.